ಚುಕ್ಕಿಗೆ ಚುಕ್ಕಿ ಕೂಡಿದ ಮೇಲೆ: ಹಳೆಯ ಅಂಬಾಸಿಡರ್ ಎಂಜಿನ್ನಿನ ಕ್ಯಾಮ್, ಚೈನು ಮತ್ತು ಟೈಮಿಂಗ್

ಕ್ಯಾಮ್‌ಶಾಫ್ಟ್ (ವಾಲ್ವು ತೆರೆಸುವ ಉಬ್ಬುಗಳಿರುವ ಶಾಫ್ಟ್) ಬದಲಾಯಿಸಿ, ಅದನ್ನು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಹೊಸ ಚೈನು ಹಾಕಿ, ಎರಡೂ ಶಾಫ್ಟಿನ ಗೇರುಗಳ ಮೇಲಿನ ಚುಕ್ಕಿಗಳನ್ನು ಎದುರುಬದುರು ನಿಲ್ಲಿಸಿ ಮುಚ್ಚಳ ಬಿಗಿದಾಗಿದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಸದ್ದೂ ಪರವಾಗಿಲ್ಲ, ಆದರೆ ಗಾಡಿ ಎಳೆಯುವುದಿಲ್ಲ. ಏರು ಬಂದರೆ ಎರಡನೇ ಗೇರಿಗೆ ಇಳಿಯಬೇಕು. ಆಗ ಕಾರ್ಬುರೇಟರ್ ಬಿಚ್ಚುತ್ತಾರೆ, ಪಾಯಿಂಟ್ ಬದಲಿಸುತ್ತಾರೆ, ಕಾಯಿಲ್ ಬದಲಿಸುತ್ತಾರೆ. ಟೈಮಿಂಗ್ ಬಗ್ಗೆ ಕೇಳಿದರೆ ಎಲ್ಲ ಗ್ಯಾರೇಜಿನಲ್ಲೂ ಒಂದೇ ಉತ್ತರ: ‘ಚುಕ್ಕಿ ಕೂಡಿಸಿಯೇ ಹಾಕಿದ್ದು.’

ಚುಕ್ಕಿ ಕೂಡಿದೆ ಅಂದರೆ ಗೇರು ಮಾಡಿದವರು ಹೇಳಿದಂತೆ ಗೇರು ಕೂತಿದೆ ಅಂತ ಮಾತ್ರ. ವಾಲ್ವು ಸರಿಯಾದ ಹೊತ್ತಿಗೆ ತೆರೆಯುತ್ತಿದೆಯೇ ಎನ್ನುವುದು ಬೇರೆಯದೇ ಪ್ರಶ್ನೆ. ಅದಕ್ಕೆ ಉತ್ತರ ಪಿಸ್ಟನ್ನಿನ ಸ್ಥಾನ ಮತ್ತು ವಾಲ್ವಿನ ಎತ್ತರವನ್ನು ಒಟ್ಟಿಗೆ ಅಳೆದರೆ ಮಾತ್ರ ಸಿಗುತ್ತದೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್, ಅಂದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್. ಬೋರ್ 73.025 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2. ಕ್ಯಾಮ್ ಬ್ಲಾಕಿನ ಒಳಗೆ, ವಾಲ್ವು ಹೆಡ್ಡಿನಲ್ಲಿ, ನಡುವೆ ಕ್ಯಾಮಿನ ಲೋಬಿನ (ಉಬ್ಬಿನ) ಮೇಲೆ ಕೂತು ಏರುವ ಟ್ಯಾಪೆಟ್, ವಾಲ್ವನ್ನು ಒತ್ತುವ ರಾಕರ್, ಇವೆರಡನ್ನೂ ಕೂಡಿಸುವ ಪುಶ್‌ರಾಡ್. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಗಾಡಿ ಇದು, ಅದರ ಹಳೆಯ ಮಾದರಿಗಳಲ್ಲಿ ಈ ಎಂಜಿನ್ ಇಂದಿಗೂ ನಮ್ಮ ಊರುಗಳಲ್ಲಿ ಓಡುತ್ತಿದೆ. ಇದಕ್ಕೆ ಹೇಳಿದ್ದರಲ್ಲಿ ಬಹುಪಾಲು ಪುಶ್‌ರಾಡ್ ಇರುವ ಯಾವ ಹಳೆಯ ಎಂಜಿನ್ನಿಗೂ ಒಪ್ಪುತ್ತದೆ, ಅಂಕಿಗಳು ಮಾತ್ರ ಬದಲಾಗುತ್ತವೆ.

ಮೊದಲು ಲೆಕ್ಕ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಹಾಗಾಗಿ ಒಮ್ಮೆ ಕೂಡಿದ ಚುಕ್ಕಿಗಳು ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ ಮತ್ತೆ ಕೂಡುತ್ತವೆ. ಒಂದು ಸುತ್ತಿಗೆ ನೋಡಿದರೆ ಕ್ರ್ಯಾಂಕ್ ಗೇರಿನ ಚುಕ್ಕಿ ಮೇಲಿರುತ್ತದೆ, ಕ್ಯಾಮ್ ಗೇರಿನ ಚುಕ್ಕಿ ಕ್ರ್ಯಾಂಕಿಗೆ ಬೆನ್ನು ಮಾಡಿ ಆಚೆ ಬದಿಗೆ ಹೋಗಿರುತ್ತದೆ. ಇದನ್ನು ಕಂಡು ಗಾಬರಿಯಾಗಿ, ಸರಿಯಾಗಿದ್ದ ಚೈನನ್ನು ಬಿಚ್ಚಿ ತಪ್ಪಾಗಿ ಹಾಕಿದ ಉದಾಹರಣೆಗಳಿವೆ. ಇನ್ನೊಂದು ಸುತ್ತು ತಿರುಗಿಸಿ ನೋಡುವ ತಾಳ್ಮೆ ಬೇಕು, ಅಷ್ಟೆ. ಚುಕ್ಕಿ ಕೂಡಿದಾಗ ಮೊದಲ ಸಿಲಿಂಡರಿನ ಪಿಸ್ಟನ್ ಮೇಲಿರುತ್ತದೆ ನಿಜ, ಆದರೆ ಅದು ಕಂಪ್ರೆಷನ್ನಿನ ಕೊನೆಯೋ ಎಕ್ಸಾಸ್ಟಿನ ಕೊನೆಯೋ ಎಂಬುದನ್ನು ಚುಕ್ಕಿ ನೋಡಿ ಊಹಿಸಬೇಡಿ. ರಾಕರ್ ನೋಡಿ. ನಾಲ್ಕನೇ ಸಿಲಿಂಡರಿನ ಎರಡು ವಾಲ್ವುಗಳು ತೂಗುತ್ತಿದ್ದರೆ, ಅಂದರೆ ಹೊಗೆ ಬಿಡುವ ಎಕ್ಸಾಸ್ಟ್ ಮುಚ್ಚುತ್ತ ಗಾಳಿ ಎಳೆಯುವ ಇನ್ಲೆಟ್ ತೆರೆಯುತ್ತಿದ್ದರೆ, ಒಂದನೆಯದು ಫೈರಿಂಗಿನಲ್ಲಿದೆ, ಅಂದರೆ ಕಂಪ್ರೆಷನ್ನಿನ ಕೊನೆಯಲ್ಲಿದೆ. ಒಂದನೆಯದೇ ತೂಗುತ್ತಿದ್ದರೆ ಫೈರಿಂಗಿನಲ್ಲಿರುವುದು ನಾಲ್ಕು.

ಒಂದು ಹಲ್ಲು ತಪ್ಪಿದರೆ ಎಷ್ಟು ಡಿಗ್ರಿ? ಕ್ಯಾಮ್ ಗೇರಿನ ಹಲ್ಲು ಎಣಿಸಿ, 720ನ್ನು ಆ ಸಂಖ್ಯೆಯಿಂದ ಭಾಗಿಸಿ. ಬರುವುದು ಕ್ರ್ಯಾಂಕಿನ ಡಿಗ್ರಿ. 40 ಹಲ್ಲಿದ್ದರೆ 18 ಡಿಗ್ರಿ, 36 ಇದ್ದರೆ 20 ಡಿಗ್ರಿ. ಈ ಅಂಕಿ ಬರೆದಿಟ್ಟುಕೊಳ್ಳಿ, ಮುಂದೆ ದೋಷ ಹುಡುಕುವಾಗ ಇದೇ ಮುಖ್ಯ ಸಾಕ್ಷಿ.

ಈ ಎಂಜಿನ್ನಿನ ವಾಲ್ವ್ ಟೈಮಿಂಗ್ ಹೀಗಿದೆ: ಇನ್ಲೆಟ್ ವಾಲ್ವು ಪಿಸ್ಟನ್ ಮೇಲ್ತುದಿ ಮುಟ್ಟುವ 5 ಡಿಗ್ರಿ ಮೊದಲು ತೆರೆದು, ಕೆಳತುದಿ ದಾಟಿ 45 ಡಿಗ್ರಿ ಆದ ಮೇಲೆ ಮುಚ್ಚುತ್ತದೆ. ಎಕ್ಸಾಸ್ಟ್ ಕೆಳತುದಿಗೆ 40 ಡಿಗ್ರಿ ಮೊದಲು ತೆರೆದು, ಮೇಲ್ತುದಿ ದಾಟಿ 10 ಡಿಗ್ರಿಗೆ ಮುಚ್ಚುತ್ತದೆ. ಈಗ ಕ್ಯಾಮ್ ಒಂದು ಹಲ್ಲು ಹಿಂದೆ ಬಿದ್ದಿದೆ, ಹಲ್ಲಿಗೆ 18 ಡಿಗ್ರಿ ಎಂದುಕೊಳ್ಳಿ. ಇನ್ಲೆಟ್ ಮುಚ್ಚುವುದು 45ರ ಬದಲು 63 ಡಿಗ್ರಿಗೆ. ಅಷ್ಟರಲ್ಲಿ ಪಿಸ್ಟನ್ ಸಾಕಷ್ಟು ಮೇಲೆ ಬಂದು, ಒಳಗೆಳೆದ ಗಾಳಿಯಲ್ಲಿ ಒಂದು ಪಾಲನ್ನು ತೆರೆದ ವಾಲ್ವಿನ ಮೂಲಕ ಗಾಳಿ ಬಂದ ಕೊಳವೆಗೇ (ಇನ್ಲೆಟ್ ಮ್ಯಾನಿಫೋಲ್ಡಿಗೆ) ವಾಪಸ್ ತಳ್ಳಿರುತ್ತದೆ. ಎಕ್ಸಾಸ್ಟ್ ವಾಲ್ವು ಮೇಲ್ತುದಿ ದಾಟಿ 28 ಡಿಗ್ರಿಯವರೆಗೆ ತೆರೆದೇ ಇರುವುದರಿಂದ ಸುಟ್ಟ ಹೊಗೆ ಮತ್ತೆ ಸಿಲಿಂಡರಿಗೆ ಎಳೆಯಲ್ಪಡುತ್ತದೆ. ಪರಿಣಾಮ: ನಾಲ್ಕೂ ಸಿಲಿಂಡರಿನಲ್ಲಿ ಕಂಪ್ರೆಷನ್ ಒಂದೇ ಸಮನಾಗಿ ಕಡಿಮೆ, ಐಡ್ಲಿಂಗ್ ಸಪ್ಪೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತವಿಲ್ಲ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಚೇತರಿಸಿಕೊಂಡಂತೆ ಕಾಣುತ್ತದೆ, ಅದೇ ಮೋಸ.

ಕ್ಯಾಮ್ ಒಂದು ಹಲ್ಲು ಮುಂದೆ ಹೋಗಿದ್ದರೆ ಇನ್ಲೆಟ್ 27 ಡಿಗ್ರಿಗೇ ಮುಚ್ಚುತ್ತದೆ. ಸ್ಟಾರ್ಟರ್ ವೇಗದಲ್ಲಿ ಅಳೆದ ಕಂಪ್ರೆಷನ್ ಸರಿ ಇರುತ್ತದೆ, ಕೆಲವೊಮ್ಮೆ ಇರಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಕಂಪ್ರೆಷನ್ ಚೆನ್ನಾಗಿದೆ ಎಂದರೆ ಟೈಮಿಂಗೂ ಚೆನ್ನಾಗಿದೆ ಎಂದು ತೀರ್ಮಾನಿಸುವವರು ಎಡವುವುದು ಇಲ್ಲೇ. ಇಂಥ ಎಂಜಿನ್ ಕೆಳಗೆ ಎಳೆಯುತ್ತದೆ, ಮೇಲೆ ಉಸಿರು ಕಟ್ಟುತ್ತದೆ. ಎಕ್ಸಾಸ್ಟ್ ವಾಲ್ವು ಬೇಗ ತೆರೆಯುವುದರಿಂದ ಇನ್ನೂ ಉರಿಯುತ್ತಿರುವ ಗ್ಯಾಸು ಹೊರಹೋಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ವಿಪರೀತ ಕಾಯುತ್ತದೆ.

ಕಂಪ್ರೆಷನ್ ಗೇಜಿನ ವಿಷಯ ಬಂದಾಗ ಒಂದು ಮಾತು. ಪುಸ್ತಕದಲ್ಲಿ ಬರೆದ ಅಂಕಿಗಳು ಸಮುದ್ರಮಟ್ಟದವು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡವೇ ಶೇಕಡಾ 10ರಷ್ಟು ಕಡಿಮೆ, ಕಂಪ್ರೆಷನ್ನೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಇನ್ಲೆಟ್ ಮ್ಯಾನಿಫೋಲ್ಡಿನ ಹೀರುವಿಕೆ ಅಳೆಯುವ ವ್ಯಾಕ್ಯೂಮ್ ಗೇಜ್ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಸಾವಿರ ಅಡಿ ಏರಿದಂತೆ ಓದು ಸುಮಾರು ಒಂದು ಅಂಗುಲ ಪಾದರಸದಷ್ಟು ಇಳಿಯುತ್ತದೆ. ಮಂಗಳೂರಿನಲ್ಲಿ 18 ಅಂಗುಲ ತೋರಿಸುವ ಆರೋಗ್ಯವಂತ ಎಂಜಿನ್ ಬೆಂಗಳೂರಿನಲ್ಲಿ 15, ಮಡಿಕೇರಿಯಲ್ಲಿ 14ರ ಆಸುಪಾಸು ತೋರಿಸುತ್ತದೆ. ಮುಳ್ಳು ಅಲುಗಾಡದೆ, ಆದರೆ ಕೆಳಗೆ ನಿಂತಿದ್ದರೆ ಅದು ವಾಲ್ವ್ ಟೈಮಿಂಗ್ ಹಿಂದೆ ಬಿದ್ದಿರುವ ಲಕ್ಷಣ ಎಂದು ಪುಸ್ತಕಗಳು ಹೇಳುತ್ತವೆ. ಎತ್ತರದ ಲೆಕ್ಕ ಬಿಟ್ಟು ಅದನ್ನು ಓದಿದರೆ ಸರಿಯಾದ ಎಂಜಿನ್ನಿಗೂ ರೋಗ ಅಂಟಿಸಿದಂತೆ. ಇಗ್ನಿಷನ್ ಹಿಂದಿದ್ದರೂ, ಇನ್ಲೆಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದ್ದರೂ ಮುಳ್ಳು ಹೀಗೆಯೇ ನಿಲ್ಲುತ್ತದೆ. ಹಾಗಾಗಿ ಗೇಜು ಅನುಮಾನ ಹುಟ್ಟಿಸಲಿ ಸಾಕು, ತೀರ್ಪನ್ನು ಅಳತೆಯೇ ಕೊಡಬೇಕು.

ಅಳತೆಗೆ ಹೋಗುವ ಮುನ್ನ ಜೋಡಣೆಯಲ್ಲಿ ಎಲ್ಲೆಲ್ಲಿ ಎಡವುತ್ತಾರೆ ನೋಡೋಣ.

ಕ್ಯಾಮ್ ಹೊರಗೆ ಬರಬೇಕಾದರೆ ರಾಕರ್ ಶಾಫ್ಟ್, ಪುಶ್‌ರಾಡ್, ಮ್ಯಾನಿಫೋಲ್ಡಿನ ಕೆಳಗಿರುವ ಎರಡು ಪಕ್ಕದ ಮುಚ್ಚಳ, ಟ್ಯಾಪೆಟ್ ಎಲ್ಲ ಬರಬೇಕು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದ ಮೇಲೆ ಅದರ ಡ್ರೈವ್ ಸ್ಪಿಂಡಲ್ಲನ್ನೂ ತೆಗೆಯಬೇಕು. ಕೆಳಗಿನ ಎಣ್ಣೆ ತೊಟ್ಟಿ (ಸಂಪ್) ಇಳಿಸಿ ಆಯಿಲ್ ಪಂಪ್ ಮತ್ತು ಅದರ ಡ್ರೈವ್ ಶಾಫ್ಟ್ ಕೂಡ ತೆಗೆಯಬೇಕು, ಯಾಕೆಂದರೆ ಅದರ ಓರೆಹಲ್ಲೂ ಕ್ಯಾಮಿಗೇ ಕಚ್ಚಿರುತ್ತದೆ. ಕ್ಯಾಮಿನಿಂದ ನಡೆಯುವ ಫ್ಯುಯೆಲ್ ಪಂಪ್ ಇದ್ದರೆ ಅದೂ ಹೊರಗೆ. ಇದರಲ್ಲಿ ಒಂದನ್ನು ಮರೆತು, ಕ್ಯಾಮ್ ಬರುತ್ತಿಲ್ಲವೆಂದು ಹಿಂದಿನಿಂದ ಹೊಡೆಯುವುದು ಅತ್ಯಂತ ಕೆಟ್ಟ ಕೆಲಸ. ಮುಂದಿನ ತಟ್ಟೆಯ ಮೂರು ಸ್ಕ್ರೂ ಬಿಚ್ಚಿದ ಮೇಲೆ ಕ್ಯಾಮ್ ಕೈಯಲ್ಲೇ ಬರಬೇಕು. ಬರದಿದ್ದರೆ ಏನೋ ಇನ್ನೂ ಕಚ್ಚಿದೆ ಎಂದರ್ಥ. ಟ್ಯಾಪೆಟ್ ಮತ್ತು ಪುಶ್‌ರಾಡ್‌ಗಳನ್ನು ರಟ್ಟಿನ ಮೇಲೆ 1ರಿಂದ 8ರವರೆಗೆ ನಂಬರ್ ಹಾಕಿ ಇಡಿ. ಹಳೆಯ ಕ್ಯಾಮ್ ಮತ್ತೆ ಹಾಕುವುದಾದರೆ ಪ್ರತಿ ಟ್ಯಾಪೆಟ್ ತನ್ನ ಹಳೆಯ ಲೋಬಿನ ಮೇಲೇ ಕೂರಬೇಕು.

ಕ್ಯಾಮ್ ಹೊಸದಾದರೆ ಟ್ಯಾಪೆಟ್ಟೂ ಹೊಸದೇ ಆಗಬೇಕು. ಇದರಲ್ಲಿ ರಾಜಿ ಸಲ್ಲದು. ಟ್ಯಾಪೆಟ್ಟಿನ ಮುಖ ಚಪ್ಪಟೆಯಾಗಿ ಕಂಡರೂ ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತದೆ, ಲೋಬಿನ ಮೇಲ್ಮೈಗೆ ಕೂದಲೆಳೆಯಷ್ಟು ಇಳಿಜಾರಿರುತ್ತದೆ. ಇವೆರಡೂ ಸೇರಿ ಟ್ಯಾಪೆಟ್ ತನ್ನ ಸುತ್ತ ತಾನೇ ತಿರುಗುವಂತೆ ಮಾಡುತ್ತವೆ. ತಿರುಗುವುದು ನಿಂತರೆ ಒಂದೇ ಗೆರೆಯಲ್ಲಿ ಲೋಹ ತಿಕ್ಕಿ, ಕೆಲವೇ ದಿನದಲ್ಲಿ ಲೋಬು ಸವೆದು ಬೋಳಾಗುತ್ತದೆ. ಹಳೆಯ ಟ್ಯಾಪೆಟ್ಟಿನ ಮುಖ ಆಗಲೇ ಗುಳಿ ಬಿದ್ದಿರುತ್ತದೆ, ಹೊಸ ಲೋಬಿನ ಮೇಲೆ ಅದು ತಿರುಗುವುದಿಲ್ಲ. ಸ್ಟೀಲ್ ರೂಲಿನ ಅಂಚನ್ನು ಟ್ಯಾಪೆಟ್ಟಿನ ಮುಖಕ್ಕೆ ಒತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಆ ಟ್ಯಾಪೆಟ್ ಕಸದ ಬುಟ್ಟಿಗೆ.

ರೀಗ್ರೈಂಡ್ ಮಾಡಿಸಿದ ಕ್ಯಾಮ್ ನಮ್ಮಲ್ಲಿ ಸಾಮಾನ್ಯ. ಚೆನ್ನಾಗಿ ಮಾಡಿದರೆ ತಪ್ಪಿಲ್ಲ. ಆದರೆ ಅರೆದಾಗ ಲೋಬಿನ ಬುಡದ ವೃತ್ತ ಚಿಕ್ಕದಾಗುತ್ತದೆ, ರಾಕರಿನ ಅಡ್ಜಸ್ಟಿಂಗ್ ಸ್ಕ್ರೂ ಅಷ್ಟು ಹೆಚ್ಚು ಕೆಳಗಿಳಿಯಬೇಕಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಲೋಬಿನ ತುದಿ ಕೀಗಾಡಿಗೆ, ಅಂದರೆ ಗೇರನ್ನು ಶಾಫ್ಟಿಗೆ ಕಚ್ಚಿಸುವ ಕೀ ಕೂರುವ ಸೀಳಿಗೆ, ಹೋಲಿಸಿದರೆ ಕೆಲವು ಡಿಗ್ರಿ ಆಚೀಚೆ ಸರಿದಿರಬಹುದು. ಗೇರಿನ ಚುಕ್ಕಿಗೆ ಅದು ಗೊತ್ತಾಗುವುದೇ ಇಲ್ಲ.

ಕ್ಯಾಮಿಗೆ ಮೂರು ಬೇರಿಂಗ್. ಮುಂದಿನದು ದೊಡ್ಡದು, ಹಿಂದಿನದು ಚಿಕ್ಕದು, ಹಾಗಾಗಿ ಒಳಗೆ ತೂರಿಸುವಾಗ ಹಿಂದಿನ ಜರ್ನಲ್ (ಬೇರಿಂಗಿನಲ್ಲಿ ಕೂರುವ ಭಾಗ) ಸಲೀಸಾಗಿ ದಾಟುತ್ತದೆ. ಆದರೆ ಲೋಬಿನ ಅಂಚು ಚೂಪು, ಬೇರಿಂಗಿನ ವೈಟ್ ಮೆಟಲ್ ಮೆದು. ಕ್ಯಾಮಿನ ಭಾರವನ್ನು ಬೇರಿಂಗಿನ ಮೇಲೆ ಬಿಡದೆ, ಎರಡೂ ಕೈಯಲ್ಲಿ ನಡುಮಟ್ಟಕ್ಕೆ ಹಿಡಿದು, ಸ್ವಲ್ಪ ತಿರುಗಿಸುತ್ತ ತಳ್ಳಬೇಕು. ಬೇರಿಂಗ್ ಬದಲಿಸಿದ್ದರೆ ಎರಡು ಪರೀಕ್ಷೆ ಬಿಡಬೇಡಿ: ಬೇರಿಂಗಿನ ಎಣ್ಣೆತೂತು ಬ್ಲಾಕಿನ ತೂತಿಗೆ ನೇರ ಕೂತಿದೆಯೇ ಎಂದು ತಂತಿ ತೂರಿಸಿ ನೋಡುವುದು, ಮತ್ತು ಮೂರೂ ಬೇರಿಂಗನ್ನು ಒಂದೇ ಗೆರೆಯಲ್ಲಿ ರೀಮ್ ಮಾಡಿಸಿರುವುದು. ಹೊಸ ಬೇರಿಂಗ್ ಒತ್ತಿ ಕೂರಿಸಿ ಹಾಗೇ ಕ್ಯಾಮ್ ತೂರಿಸಲು ಹೋದರೆ ಅದು ಬಿಗಿಯುತ್ತದೆ. ಎಣ್ಣೆ ಹಚ್ಚಿದ ಕ್ಯಾಮ್, ಟ್ಯಾಪೆಟ್ ಇಲ್ಲದೆ, ಎರಡು ಬೆರಳಲ್ಲಿ ತಿರುಗಬೇಕು.

ಮುಂದಿನ ತಟ್ಟೆ ಮತ್ತು ಗೇರು ಬಿಗಿದ ಮೇಲೆ ಕ್ಯಾಮಿನ ಎಂಡ್ ಫ್ಲೋಟ್, ಅಂದರೆ ಹಿಂದೆ ಮುಂದೆ ಆಡುವ ಅಂತರ, 3ರಿಂದ 6 ಥೌ (ಅಂಗುಲದ ಸಾವಿರದ ಪಾಲು) ಇರಬೇಕು. ಮಿಲಿಮೀಟರಿನಲ್ಲಿ 0.076ರಿಂದ 0.152. ಇದಕ್ಕಿಂತ ಕಡಿಮೆ ಇದ್ದರೆ ತಟ್ಟೆ ಸುಡುತ್ತದೆ. ಹೆಚ್ಚಾದರೆ ಕ್ಯಾಮ್ ಓಡಾಡಿದಂತೆಲ್ಲ ಡಿಸ್ಟ್ರಿಬ್ಯೂಟರಿನ ಓರೆಹಲ್ಲು ತಿರುಗಿ ಇಗ್ನಿಷನ್ ಅಲುಗುತ್ತದೆ. ಟೈಮಿಂಗ್ ಲೈಟಿನಲ್ಲಿ ಗುರುತು ನಡುಗಿದರೆ ಡಿಸ್ಟ್ರಿಬ್ಯೂಟರ್ ಬುಶ್ ಒಂದನ್ನೇ ದೂರಬೇಡಿ.

ಇನ್ನು ಗೇರು. ಎರಡೂ ಗೇರು ಒಂದೇ ಸಮತಲದಲ್ಲಿರಬೇಕು, ಇದನ್ನು ಅಳೆಯುವವರು ತೀರಾ ಕಡಿಮೆ. ಚೈನಿಲ್ಲದೆ ಎರಡೂ ಗೇರು ಕೂರಿಸಿ, ಕ್ಯಾಮ್ ಗೇರಿನ ಹಲ್ಲಿನ ಪಕ್ಕಕ್ಕೆ ಸ್ಟ್ರೇಟ್ ಎಡ್ಜ್ ಒತ್ತಿ ಹಿಡಿಯಿರಿ. ಅದಕ್ಕೂ ಕ್ರ್ಯಾಂಕ್ ಗೇರಿಗೂ ನಡುವೆ ಉಳಿದ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದು, ಅದರಿಂದ 5 ಥೌ ಕಳೆಯಿರಿ. ಉಳಿದಷ್ಟು ದಪ್ಪದ ವಾಷರ್ ಕ್ರ್ಯಾಂಕ್ ಗೇರಿನ ಹಿಂದೆ ಬೀಳಬೇಕು. ಹಳೆಯ ಎಂಜಿನ್ ಬಿಚ್ಚಿದಾಗ ಈ ತೆಳು ವಾಷರ್‌ಗಳು ಎಣ್ಣೆಗೆ ಅಂಟಿಕೊಂಡು ಕಾಣದೆ ಹೋಗುತ್ತವೆ, ತೊಳೆಯುವ ತಟ್ಟೆಯಲ್ಲಿ ಕಳೆದುಹೋಗುತ್ತವೆ. ಕ್ರ್ಯಾಂಕ್ ಅಥವಾ ಕ್ಯಾಮ್ ಯಾವುದಾದರೂ ಬದಲಾಗಿದ್ದರೆ ಹಳೆಯ ವಾಷರ್ ಲೆಕ್ಕ ನಡೆಯುವುದೂ ಇಲ್ಲ. ಸಮತಲ ತಪ್ಪಿದ ಚೈನು ಗೇರಿನ ಒಂದು ಪಕ್ಕವನ್ನು ತಿನ್ನುತ್ತದೆ, ಸದ್ದು ಮಾಡುತ್ತದೆ. ಹೊಸ ಚೈನು ಬೇಗನೆ ಸಡಿಲವಾಗುವುದಕ್ಕೆ ಇದು ದೊಡ್ಡ ಕಾರಣ.

ಕೀ ನೋಡಿ. ಕೀಗಾಡಿಯಲ್ಲಿ ಅಲುಗಾಡುವ ಅರ್ಧಚಂದ್ರ ಕೀ ಚಿಕ್ಕದಾಗಿ ಕಂಡರೂ ಟೈಮಿಂಗನ್ನು ಹಲವು ಡಿಗ್ರಿ ಕೆಡಿಸುತ್ತದೆ. ಕ್ರ್ಯಾಂಕಿನ ಕೀಗಾಡಿ ನೆಟ್ಟಗೆ ಮೇಲೆ, ಕ್ಯಾಮಿನ ಕೀಗಾಡಿ ಮುಂದಿನಿಂದ ನೋಡಿದಾಗ ಗಡಿಯಾರದ ಒಂದು ಗಂಟೆಯ ಜಾಗದಲ್ಲಿ, ಇದು ಶುರುವಿನ ಸ್ಥಾನ. ಚುಕ್ಕಿ ಕೂಡಿಸಿ ಎರಡೂ ಗೇರನ್ನು ಚೈನಿನ ಒಳಗಿಟ್ಟು, ಒಟ್ಟಿಗೆ ಎರಡೂ ಶಾಫ್ಟಿಗೆ ತೂರಿಸಬೇಕು. ಕೀ ಸೇರದಿದ್ದರೆ ಕ್ಯಾಮನ್ನು ಚೂರು ತಿರುಗಿಸಿ ಕೂಡಿಸಿ, ಚೈನನ್ನು ಹಲ್ಲಿನ ಮೇಲೆ ಎಳೆದು ಜಾರಿಸಬೇಡಿ. ಒಂದು ಹಲ್ಲು ತಪ್ಪುವುದು ಬಹಳ ಸಲ ಈ ಕ್ಷಣದಲ್ಲೇ. ಇನ್ನೊಂದು ತಪ್ಪು ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಬಿಡುವಾಗ ಆಗುತ್ತದೆ. ಚೈನಿನ ಒಂದು ಬದಿ ಸಡಿಲವಿದ್ದಾಗ ಚುಕ್ಕಿ ನೋಡಿರುತ್ತಾರೆ, ಟೆನ್ಷನರ್ ಒತ್ತಿದ ಮೇಲೆ ಕ್ಯಾಮ್ ಸರಿದು ಅರ್ಧ ಹಲ್ಲಿನಷ್ಟು ವ್ಯತ್ಯಾಸ ಕಾಣುತ್ತದೆ. ಟೆನ್ಷನರ್ ಎದುರಿನ ಬದಿ ಬಿಗಿಯಾಗಿದ್ದಾಗ ಮಾತ್ರ ಚುಕ್ಕಿ ನೋಡಿದ್ದು ಲೆಕ್ಕಕ್ಕೆ.

ಬಿ-ಸೀರೀಸ್ ವಂಶದ ಎಂಜಿನ್‌ಗಳಲ್ಲಿ ಟೆನ್ಷನರ್ ಎಲ್ಲದರಲ್ಲೂ ಒಂದೇ ಅಲ್ಲ, ಕೆಲವಕ್ಕೆ ಕ್ಯಾಮ್ ಗೇರಿನ ಮೇಲಿನ ರಬ್ಬರ್ ಬಳೆ, ಕೆಲವಕ್ಕೆ ಎಣ್ಣೆಯ ಒತ್ತಡದಲ್ಲಿ ಚೈನನ್ನು ತಳ್ಳುವ ರಬ್ಬರ್ ಸ್ಲಿಪ್ಪರ್. ನಿಮ್ಮದರಲ್ಲಿ ಯಾವುದಿದೆ ನೋಡಿ. ಬಳೆಯಾದರೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ, ಅಷ್ಟೆ. ಸ್ಲಿಪ್ಪರ್ ಆದರೆ ಅದರ ಪ್ಲಗ್ ಬಿಚ್ಚಿ 1/8 ಅಂಗುಲದ ಆಲೆನ್ ಕೀ ತೂರಿಸಿ, ಪ್ರದಕ್ಷಿಣವಾಗಿ ತಿರುಗಿಸಿದರೆ ಸ್ಲಿಪ್ಪರ್ ಹಿಂದೆ ಸರಿದು ಲಾಕ್ ಆಗುತ್ತದೆ. ಚೈನು ಕೂತ ಮೇಲೆ ಮತ್ತೆ ಪ್ರದಕ್ಷಿಣವಾಗಿಯೇ ತಿರುಗಿಸಿ ಬಿಡಿಸಬೇಕು. ಅಪ್ರದಕ್ಷಿಣವಾಗಿ ತಿರುಗಿಸಬೇಡಿ, ಸ್ಲಿಪ್ಪರನ್ನು ಕೈಯಿಂದ ಚೈನಿಗೆ ಒತ್ತಲೂ ಬೇಡಿ. ಬಿಡಿಸುವುದನ್ನೇ ಮರೆತು ಮುಚ್ಚಳ ಮುಚ್ಚಿದರೆ ಎಂಜಿನ್ ಸ್ಟಾರ್ಟ್ ಆದ ಕ್ಷಣದಿಂದ ಚೈನು ಮುಚ್ಚಳಕ್ಕೆ ಬಡಿಯುತ್ತದೆ.

ಈಗ ಅಳತೆ. ಇದಕ್ಕೆ ಬೇಕಾದದ್ದು ಒಂದು ಡಯಲ್ ಗೇಜ್, ಅದರ ಸ್ಟ್ಯಾಂಡ್, ಒಂದು ಹಳೆಯ 14 ಮಿ.ಮೀ. ಸ್ಪಾರ್ಕ್ ಪ್ಲಗ್ಗಿನ ಮೈ, ಒಂದು ಬೋಲ್ಟು, ಕಾಗದದ ಪಟ್ಟಿ. ಡಿಗ್ರಿ ಚಕ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೊದಲು ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ನಿನ ಮೇಲ್ತುದಿ, ಹುಡುಕಬೇಕು. ಪ್ಲಗ್ ತೂತಿಗೆ ಸ್ಕ್ರೂಡ್ರೈವರ್ ಬಿಟ್ಟು ಅದು ಏರುವುದು ನಿಂತ ಜಾಗವೇ ಟಿಡಿಸಿ ಎನ್ನುವುದು ಈ ಕೆಲಸಕ್ಕೆ ಸಾಲದು. ಈ ಎಂಜಿನ್ನಿನ ಸ್ಟ್ರೋಕಿನಲ್ಲಿ ಮೇಲ್ತುದಿಯ ಆಚೀಚೆ 5 ಡಿಗ್ರಿಯೊಳಗೆ ಪಿಸ್ಟನ್ ಚಲಿಸುವುದು ಸುಮಾರು 0.2 ಮಿ.ಮೀ. ಮಾತ್ರ. ಕೈಗೆ ಅದು ತಿಳಿಯುವುದಿಲ್ಲ. ಪುಲ್ಲಿಯ ಗುರುತನ್ನೂ ಕುರುಡಾಗಿ ನಂಬಬೇಡಿ, ಪುಲ್ಲಿ ಅಥವಾ ಮುಚ್ಚಳ ಬೇರೆ ಎಂಜಿನ್ನಿನಿಂದ ಬಂದಿರಬಹುದು. ಪ್ಲಗ್ಗಿನ ಪಿಂಗಾಣಿ ತೆಗೆದು, ಒಳಗೆ ಥ್ರೆಡ್ ಕೊರೆದು, ತುದಿ ದುಂಡಗೆ ಮಾಡಿದ ಬೋಲ್ಟು ಕೂರಿಸಿದರೆ ಪಿಸ್ಟನ್ ಸ್ಟಾಪ್ ಸಿದ್ಧ. ನಾಲ್ಕೂ ಪ್ಲಗ್ ತೆಗೆದು, ಒಂದನೇ ಸಿಲಿಂಡರಿಗೆ ಇದನ್ನು ಹಾಕಿ, ಕ್ರ್ಯಾಂಕನ್ನು ನಿಧಾನವಾಗಿ ಸ್ಪ್ಯಾನರಿನಲ್ಲಿ ತಿರುಗಿಸಿ. ಪಿಸ್ಟನ್ ಮುಟ್ಟಿ ನಿಂತಲ್ಲಿ ಪುಲ್ಲಿಯ ಮೇಲೆ ಗುರುತು. ಈಗ ಹಿಮ್ಮುಖವಾಗಿ ತಿರುಗಿಸಿ, ಇನ್ನೊಂದು ಬದಿಯಲ್ಲಿ ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡರ ನಟ್ಟನಡುವಿನ ಬಿಂದು ಟಿಡಿಸಿ. ಸ್ಟಾರ್ಟರ್ ಮೋಟಾರನ್ನು ಈ ಕೆಲಸಕ್ಕೆ ಬಳಸಿದರೆ ಪಿಸ್ಟನ್ನಿಗೆ ತೂತು ಬೀಳುತ್ತದೆ, ಬ್ಯಾಟರಿಯ ತಂತಿ ಬಿಚ್ಚಿಟ್ಟೇ ಶುರು ಮಾಡಿ.

ಡಿಗ್ರಿ ಚಕ್ರವಿಲ್ಲದಿದ್ದರೆ ಪುಲ್ಲಿಯ ಸುತ್ತ ಕಾಗದದ ಪಟ್ಟಿ ಸುತ್ತಿ ಕೂಡುವ ಜಾಗದಲ್ಲಿ ಕತ್ತರಿಸಿ, ಉದ್ದ ಅಳೆದು 360ರಿಂದ ಭಾಗಿಸಿ. ಪುಲ್ಲಿಯ ವ್ಯಾಸ 125 ಮಿ.ಮೀ. ಇದ್ದರೆ ಸುತ್ತಳತೆ 392.7, ಒಂದು ಡಿಗ್ರಿಗೆ 1.09 ಮಿ.ಮೀ. ಹತ್ತು ಹತ್ತು ಡಿಗ್ರಿಗೆ ಗೆರೆ ಎಳೆದು ಅಂಟಿಸಿದರೆ ಒಂದೆರಡು ಡಿಗ್ರಿಯ ನಿಖರತೆ ಸಿಗುತ್ತದೆ.

ಅಳೆಯಬೇಕಾದದ್ದು ಒಂದನೇ ಸಿಲಿಂಡರಿನ ಇನ್ಲೆಟ್. ಈ ಹೆಡ್ಡಿನಲ್ಲಿ ಮುಂದಿನಿಂದ ವಾಲ್ವುಗಳ ಸಾಲು ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್, ಮತ್ತೆ ಅದೇ ಕ್ರಮ. ಹಾಗಾಗಿ ಮುಂದಿನಿಂದ ಎರಡನೆಯದು. ರಾಕರ್ ಶಾಫ್ಟ್ ತೆಗೆದು ಆ ಪುಶ್‌ರಾಡಿನ ತಲೆಯ ಬಟ್ಟಲಿಗೆ ಡಯಲ್ ಗೇಜಿನ ಮೊನೆ ಕೂರಿಸಿ. ವಾಲ್ವು ತೆರೆಯುವ ಕ್ಷಣವನ್ನೇ ಹಿಡಿಯಲು ಹೋಗಬೇಡಿ. ತೆರೆಯುವುದು ತುಂಬ ಮೆಲ್ಲಗೆ ಶುರುವಾಗುತ್ತದೆ, ಟ್ಯಾಪೆಟ್ ಅಂತರ ಒಂದೆರಡು ಥೌ ವ್ಯತ್ಯಾಸವಾದರೂ ಹಲವು ಡಿಗ್ರಿ ತಪ್ಪುತ್ತದೆ. ಅದರ ಬದಲು ಪೂರ್ಣ ಎತ್ತರದ ನಡುಗೆರೆ ಹುಡುಕಿ. ಪುಶ್‌ರಾಡ್ ಪೂರ್ತಿ ಏರಿದಾಗ ಗೇಜನ್ನು ಸೊನ್ನೆ ಮಾಡಿ. ಕ್ಯಾಮಿನ ಒಂದು ಸುತ್ತು (ಕ್ರ್ಯಾಂಕಿನ ಎರಡು) ಬಂದು, ಏರುವಾಗ ತುದಿಗೆ 50 ಥೌ ಬಾಕಿ ಇರುವಲ್ಲಿ ಡಿಗ್ರಿ ಬರೆದುಕೊಳ್ಳಿ. ದಾಟಿ, ಇಳಿಯುವಾಗ 50 ಥೌ ಇಳಿದಲ್ಲಿ ಮತ್ತೆ ಬರೆದುಕೊಳ್ಳಿ. ಎರಡರ ಸರಾಸರಿಯೇ ನಡುಗೆರೆ.

ಅದು ಎಷ್ಟಿರಬೇಕು? 5, 180, 45 ಕೂಡಿದರೆ ಇನ್ಲೆಟ್ ತೆರೆದಿರುವ ಅವಧಿ 230 ಡಿಗ್ರಿ. ಅದರ ಅರ್ಧ 115, ಅದರಲ್ಲಿ 5 ಕಳೆದರೆ 110. ಟಿಡಿಸಿ ದಾಟಿ 110 ಡಿಗ್ರಿಗೆ ಇನ್ಲೆಟ್ ಪೂರ್ಣ ತೆರೆದಿರಬೇಕು. ಓದುಗಳು 78 ಮತ್ತು 142 ಬಂದರೆ ಸರಾಸರಿ 110, ಟೈಮಿಂಗ್ ಸರಿ. 82 ಮತ್ತು 146 ಬಂದರೆ 114, ಅಂದರೆ 4 ಡಿಗ್ರಿ ಹಿಂದೆ. ಇಡೀ ಅಳತೆಯಲ್ಲಿ ಕ್ರ್ಯಾಂಕನ್ನು ಮುಂದಿನಿಂದ ನೋಡಿದಾಗ ಪ್ರದಕ್ಷಿಣವಾಗಿ ಮಾತ್ರ ತಿರುಗಿಸಬೇಕು. ಗುರುತು ದಾಟಿಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ, ಇಲ್ಲದಿದ್ದರೆ ಚೈನಿನ ಸಡಿಲ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ.

ತಪ್ಪಿನ ಪ್ರಮಾಣವೇ ತಪ್ಪಿನ ಜಾಗ ಹೇಳುತ್ತದೆ, ಈ ವಿಧಾನದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು. ವ್ಯತ್ಯಾಸ ಸರಿಯಾಗಿ 18 ಅಥವಾ 20 ಬಂದರೆ, ನಿಮ್ಮ ಗೇರಿನ ಹಲ್ಲಿನ ಲೆಕ್ಕಕ್ಕೆ ಹೊಂದಿದರೆ, ಒಂದು ಹಲ್ಲು ತಪ್ಪಿದೆ. 3ರಿಂದ 6 ಬಂದರೆ ಚುಕ್ಕಿ ಸರಿ ಇದ್ದೂ ಗೇರಿನ ಕೀಗಾಡಿ, ರೀಗ್ರೈಂಡ್ ಅಥವಾ ಚೈನು ಕೈಕೊಟ್ಟಿದೆ. ಎರಡೂ ಅಲ್ಲದ 10-12 ಬಂದರೆ ಕೀ ಕತ್ತರಿಸಿರುವ ಅಥವಾ ಕೀಗಾಡಿ ಅಗಲವಾಗಿರುವ ಸಾಧ್ಯತೆ ಹೆಚ್ಚು. 2 ಡಿಗ್ರಿಯೊಳಗಿದ್ದರೆ ಮುಟ್ಟಬೇಡಿ. 4ಕ್ಕಿಂತ ಹೆಚ್ಚಾದರೆ ಓರೆ ಕೀ (ಎರಡು ಭಾಗ ಒಂದೇ ನೇರದಲ್ಲಿಲ್ಲದ ಕೀ) ಹಾಕಿ ಸರಿಪಡಿಸಬಹುದು. ಅದನ್ನು ಯಾವ ದಿಕ್ಕಿಗೆ ಹಾಕಬೇಕೆಂದು ತಲೆಯಲ್ಲಿ ಲೆಕ್ಕ ಹಾಕುವುದಕ್ಕಿಂತ ಹಾಕಿ ಮತ್ತೊಮ್ಮೆ ಅಳೆಯುವುದು ಖಚಿತ.

ಡಯಲ್ ಗೇಜ್ ಇಲ್ಲದಿದ್ದರೆ ಒರಟಾದ ಒಂದು ಪರೀಕ್ಷೆಯಿದೆ. ಎಕ್ಸಾಸ್ಟ್ ಮುಚ್ಚುವುದು 10, ಇನ್ಲೆಟ್ ತೆರೆಯುವುದು 5 ಆದ್ದರಿಂದ, ತೂಗುವ ಟಿಡಿಸಿಯಲ್ಲಿ ಎರಡೂ ವಾಲ್ವುಗಳು ಹೆಚ್ಚುಕಡಿಮೆ ಸಮನಾಗಿ, ಎಕ್ಸಾಸ್ಟ್ ಚೂರು ಹೆಚ್ಚಾಗಿ ತೆರೆದಿರಬೇಕು. ಒಂದು ವಾಲ್ವು ಚೆನ್ನಾಗಿ ತೆರೆದು ಇನ್ನೊಂದು ಪೂರ್ತಿ ಮುಚ್ಚಿದ್ದರೆ ಹಲ್ಲು ತಪ್ಪಿದೆ. ಇನ್ಲೆಟ್ ತೆರೆದಿದ್ದರೆ ಕ್ಯಾಮ್ ಮುಂದೆ, ಎಕ್ಸಾಸ್ಟ್ ತೆರೆದಿದ್ದರೆ ಹಿಂದೆ. ಮುಚ್ಚಳ ಬಿಚ್ಚದೆಯೇ, ರಾಕರ್ ಕವರ್ ತೆಗೆದು, ಐದು ನಿಮಿಷದಲ್ಲಿ ಇದನ್ನು ನೋಡಬಹುದು. ಗಾಡಿ ಎಳೆಯುತ್ತಿಲ್ಲ ಎಂದಾಗ ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಇದಾಗಲಿ.

ಸ್ಟಾರ್ಟೇ ಆಗದೆ ಕಾರ್ಬುರೇಟರಿನಲ್ಲಿ ಸಿಡಿಯುತ್ತಿದ್ದರೆ ಕ್ಯಾಮಿಗಿಂತ ಡಿಸ್ಟ್ರಿಬ್ಯೂಟರ್ ಡ್ರೈವ್ ಮೇಲೆ ಅನುಮಾನ ಹೆಚ್ಚಿರಲಿ. ಅದು ಅರ್ಧ ಸುತ್ತು ತಪ್ಪಿ ಕೂತಿರುತ್ತದೆ. ಸ್ಪಿಂಡಲ್ಲಿನ ತುದಿಯ ಥ್ರೆಡ್ಡಿಗೆ ಸುಮಾರು 3½ ಅಂಗುಲ ಉದ್ದದ 5/16 ಯುಎನ್‌ಎಫ್ ಬೋಲ್ಟು ತಿರುಗಿಸಿ ಅದನ್ನೇ ಹಿಡಿಯಾಗಿ ಬಳಸಬೇಕು. ಒಂದನೇ ಸಿಲಿಂಡರ್ ಕಂಪ್ರೆಷನ್ನಿನ ಟಿಡಿಸಿಯಲ್ಲಿರುವಾಗ, ಸ್ಪಿಂಡಲ್ಲಿನ ತುದಿಯ ಸೀಳಿನ ಎರಡು ಬದಿಗಳಲ್ಲಿ ದೊಡ್ಡದು ಮೇಲಿರುವಂತೆ, ಸೀಳು ಅಡ್ಡಗೆರೆಗಿಂತ ಚೂರು ಕೆಳಗಿರುವಂತೆ ಹಿಡಿದು ತೂರಿಸಿದರೆ, ಹಲ್ಲು ಕಚ್ಚುತ್ತ ಅದು ಅಪ್ರದಕ್ಷಿಣವಾಗಿ ತಿರುಗಿ ಒಂದು ಗಂಟೆಯ ದಿಕ್ಕಿಗೆ ನಿಲ್ಲುತ್ತದೆ. ಅರ್ಧ ಸುತ್ತು ತಪ್ಪಿದೆಯೆಂದು ಖಚಿತವಾದರೆ ಎಂಜಿನ್ ಬಿಚ್ಚಬೇಕಿಲ್ಲ. ರೋಟರ್ ಈಗ ತೋರಿಸುತ್ತಿರುವ ಜಾಗವನ್ನೇ ಒಂದು ಎಂದುಕೊಂಡು, ರೋಟರ್ ತಿರುಗುವ ಅಪ್ರದಕ್ಷಿಣ ದಿಕ್ಕಿಗೆ 1-3-4-2 ತಂತಿ ಹಾಕಿದರೂ ಗಾಡಿ ಸರಿಯಾಗಿಯೇ ಓಡುತ್ತದೆ. ಮುಂದೆ ಬಿಚ್ಚುವವರಿಗೆ ಗೊಂದಲವಾಗದಂತೆ ಕ್ಯಾಪಿನ ಮೇಲೆ ನಂಬರ್ ಬರೆದಿಡಿ.

ನಾಲ್ಕೂ ಸಿಲಿಂಡರ್ ಬದಲು ಒಂದೇ ಸಿಲಿಂಡರ್ ಸೊರಗಿದ್ದರೆ ಅದು ಟೈಮಿಂಗ್ ಅಲ್ಲ. ಎಕ್ಸಾಸ್ಟ್ ಲೋಬು ಬೋಳಾಗಿದ್ದರೆ ಹೊರಹೋಗಲಾರದ ಹೊಗೆ ಇನ್ಲೆಟ್ ತೆರೆದಾಗ ಕಾರ್ಬುರೇಟರಿಗೇ ನುಗ್ಗಿ ಲಯಬದ್ಧವಾಗಿ ಸಿಡಿಯುತ್ತದೆ. ಹೊಂದಿಸಿದ ಟ್ಯಾಪೆಟ್ ಅಂತರ ಮತ್ತೆ ಮತ್ತೆ ಹೆಚ್ಚಾಗುತ್ತಿದ್ದರೂ ಲೋಬು ಸವೆಯುತ್ತಿದೆ ಎಂದೇ. ಎಂಟೂ ಪುಶ್‌ರಾಡಿನ ಎತ್ತರ ಅಳೆದರೆ ಉಳಿದವಕ್ಕಿಂತ ಕಡಿಮೆ ಏರುವುದು ಸಿಕ್ಕಿಬೀಳುತ್ತದೆ.

ಮಹೀಂದ್ರಾ ಜೀಪಿನ ಹರಿಕೇನ್ ಎಂಜಿನ್ನಿನಲ್ಲಿ ಚೈನಿಲ್ಲ, ಗೇರಿಗೆ ಗೇರೇ ನೇರ ಕಚ್ಚುತ್ತದೆ. ಹಾಗಾಗಿ ಕ್ಯಾಮ್ ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಯುದ್ಧಕಾಲದ ಮೊದಮೊದಲ ವಿಲ್ಲಿಸ್ ಜೀಪುಗಳಲ್ಲಿ ಚೈನಿತ್ತು, ಆಮೇಲೆ ಗೇರು ಬಂತು. ಎರಡರ ಕ್ಯಾಮ್ ನೋಡಲು ಒಂದೇ ಥರ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಹಳೆಯ ಸಾಮಾನಿನ ಬೇರೆಡೆಯಾಗಲಿ ಜೀಪಿನ ಕ್ಯಾಮ್ ಕೊಳ್ಳುವಾಗ ನಿಮ್ಮ ಹಳೆಯದನ್ನು ಪಕ್ಕದಲ್ಲಿಟ್ಟು ಓರೆಹಲ್ಲಿನ ದಿಕ್ಕು ಹೋಲಿಸಿ. ಫೈಬರ್ ಗೇರಾದರೆ ಸುತ್ತಿಗೆ ಮುಟ್ಟಿಸಬೇಡಿ, ಪ್ರೆಸ್ಸಿನಲ್ಲಿ ಅಥವಾ ಬೋಲ್ಟಿನಿಂದ ಎಳೆದು ಕೂರಿಸಿ. ಹಿಂದಕ್ಕೆ ಹೊಡೆದ ಪೆಟ್ಟು ಬ್ಲಾಕಿನ ಹಿಂದಿನ ತೂತು ಮುಚ್ಚುವ ಪ್ಲಗ್ಗನ್ನು ಎಬ್ಬಿಸಿ ಕ್ಲಚ್ ಕಡೆ ಎಣ್ಣೆ ಸೋರಿಸುತ್ತದೆ. ಓರೆಹಲ್ಲು ಕ್ಯಾಮನ್ನು ಸದಾ ಒಂದು ಬದಿಗೆ ತಳ್ಳುವುದರಿಂದ ಎಂಡ್ ಫ್ಲೋಟ್ ಇಲ್ಲಿ ಇನ್ನೂ ಮುಖ್ಯ: 4ರಿಂದ 7 ಥೌ. ಗೇರಿನ ಹಲ್ಲಿಗೆ ಎಣ್ಣೆ ಚಿಮ್ಮಿಸುವ ಸಣ್ಣ ಜೆಟ್ ಬ್ಲಾಕಿನ ಮುಂಭಾಗದಲ್ಲಿದೆ, ಅದು ಕಟ್ಟಿದ್ದರೆ ಫೈಬರ್ ಹಲ್ಲು ಉದುರುತ್ತದೆ.

ಮತ್ತೆ ಅಂಬಾಸಿಡರಿಗೆ. ಮುಚ್ಚಳ ಹಾಕುವಾಗ ಕ್ರ್ಯಾಂಕ್ ಗೇರಿನ ಮುಂದಿನ ಎಣ್ಣೆ ತಟ್ಟೆಯ ಎಫ್ ಅಕ್ಷರ ಹೊರಮುಖವಾಗಿರಲಿ. ಸೀಲಿಗೆ ಎಣ್ಣೆ ಹಚ್ಚಿ, ಮುಚ್ಚಳದ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಪುಲ್ಲಿಯನ್ನು ಸೀಲಿನೊಳಗೆ ತೂರಿಸಿದ ಮೇಲೆ ಬಿಗಿಯಿರಿ. ಆಗ ಮುಚ್ಚಳ ತಾನೇ ನಡುವಿಗೆ ಬರುತ್ತದೆ. ಮೊದಲೇ ಬಿಗಿದರೆ ಸೀಲು ಒಂದು ಬದಿಗೆ ಒತ್ತಿ ಕೆಲವೇ ದಿನದಲ್ಲಿ ಸೋರುತ್ತದೆ. ಪ್ಲಗ್ ಹಾಕುವ ಮೊದಲು ಸ್ಪ್ಯಾನರಿನಲ್ಲಿ ಎರಡು ಪೂರ್ಣ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ. ಟ್ಯಾಪೆಟ್ ಅಂತರ ತಣ್ಣಗಿರುವಾಗ 15 ಥೌ, ಅಂದರೆ 0.38 ಮಿ.ಮೀ. ಕ್ರಮ ಒಂಬತ್ತರ ಲೆಕ್ಕದಲ್ಲಿ: ಎಂಟನೇ ವಾಲ್ವು ಪೂರ್ತಿ ತೆರೆದಾಗ ಒಂದನೆಯದು, ಆರು ತೆರೆದಾಗ ಮೂರು, ಹೀಗೆ ಎರಡರ ಮೊತ್ತ ಒಂಬತ್ತು.

ಹೊಸ ಕ್ಯಾಮಿನ ಲೋಬಿಗೂ ಟ್ಯಾಪೆಟ್ಟಿನ ಮುಖಕ್ಕೂ ಮಾಲಿಬ್ಡಿನಂ ಪೇಸ್ಟ್ ಹಚ್ಚಿರಬೇಕು. ಸ್ಟಾರ್ಟ್ ಆಗಲೆಂದು ಹತ್ತು ನಿಮಿಷ ಸ್ಟಾರ್ಟರ್ ತಿರುಗಿಸಿದರೆ ಆ ಪೇಸ್ಟು ಒರೆಸಿಹೋಗುತ್ತದೆ, ಆದ್ದರಿಂದ ಇಗ್ನಿಷನ್, ಪೆಟ್ರೋಲ್, ನೀರು ಎಲ್ಲ ಸಿದ್ಧ ಮಾಡಿಕೊಂಡೇ ಕೀ ತಿರುಗಿಸಿ. ಸ್ಟಾರ್ಟ್ ಆದ ಕೂಡಲೇ ಎಣ್ಣೆಯ ಒತ್ತಡ ನೋಡಿಕೊಂಡು 2000 ಆರ್‌ಪಿಎಂ ಹತ್ತಿರ ಏರಿಸಿ, 1500ರಿಂದ 2500ರ ನಡುವೆ ಏರಿಳಿಸುತ್ತ 20 ನಿಮಿಷ ಓಡಿಸಿ. ಐಡ್ಲಿಂಗಿನಲ್ಲಿ ಬಿಡಬಾರದು. ಲೋಬಿಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚುವುದರಿಂದ, ಐಡ್ಲಿಂಗ್ ವೇಗದಲ್ಲಿ ಅದು ಸಾಕಷ್ಟು ಎರಚುವುದಿಲ್ಲ. ಬಿಸಿ ಏರಿದರೆ ನಿಲ್ಲಿಸಿ ತಣಿಸಿ ಮುಂದುವರಿಸಿ, ಆದರೆ ನಿಧಾನಕ್ಕೆ ಇಳಿಸಿ ಓಡಿಸುತ್ತ ಕೂರಬೇಡಿ.

ಎಣ್ಣೆಯ ಆಯ್ಕೆಯೂ ಇಲ್ಲಿ ಜೋಡಣೆಯಷ್ಟೇ ಮುಖ್ಯ. ಚಪ್ಪಟೆ ಟ್ಯಾಪೆಟ್ಟನ್ನು ಕಾಯುವುದು ಎಣ್ಣೆಯಲ್ಲಿರುವ ಝಿಂಕ್ ಮತ್ತು ಫಾಸ್ಫರಸ್ ಸಂಯುಕ್ತ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಿಂದೀಚೆಗಿನ 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಎಣ್ಣೆಗಳಲ್ಲಿ ಫಾಸ್ಫರಸ್ಸನ್ನು 800 ಪಿಪಿಎಂಗೆ (ಹತ್ತು ಲಕ್ಷದಲ್ಲಿ 800 ಪಾಲಿಗೆ) ಮಿತಿಗೊಳಿಸಲಾಗಿದೆ. ಹೊಸ ಕಾರಿಗೆ ಒಳ್ಳೆಯದೆಂದು ದುಬಾರಿ ಸಿಂಥೆಟಿಕ್ 5ಡಬ್ಲ್ಯು-30 ತಂದು ಅಂಬಾಸಿಡರಿಗೆ ಸುರಿಯುವುದು ಪ್ರೀತಿಯಿಂದ ಮಾಡುವ ಹಾನಿ. 20ಡಬ್ಲ್ಯು-50 ಮಿನರಲ್ ಎಣ್ಣೆ, ಡಬ್ಬಿಯ ಅಥವಾ ತಯಾರಕರ ಮಾಹಿತಿಯಲ್ಲಿ ಝಿಂಕ್ ಪ್ರಮಾಣ ನೋಡಿಕೊಂಡು ಕೊಂಡದ್ದು, ಈ ಎಂಜಿನ್ನಿಗೆ ಸರಿ. ರನ್-ಇನ್ ಮುಗಿದ ಮೇಲೆ ಆ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ. ಬಸಿದ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿದಾಗ ಬೂದು ಬಣ್ಣದ ನುಣುಪು ಕೆಸರು ಅಂಟಿದರೆ ಹೊಂದಿಕೊಳ್ಳುವಾಗಿನ ಸಹಜ ಸವೆತ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಪಕ್ಕದ ಮುಚ್ಚಳ ತೆಗೆದು ಟ್ಯಾಪೆಟ್ ನೋಡಲೇಬೇಕು. 500 ಕಿ.ಮೀ. ಆದ ಮೇಲೆ ಟ್ಯಾಪೆಟ್ ಅಂತರ ಮತ್ತೊಮ್ಮೆ ಅಳೆದು ಎಂಟೂ ಅಂಕಿಗಳನ್ನು ಬರೆದಿಡಿ. ಎಂಟೂ ಒಂದೇ ಸಮ ಬದಲಾಗಿದ್ದರೆ ಹೊಂದಿಸಿ ಮುಂದೆ ಹೋಗಬಹುದು, ಒಂದೇ ವಾಲ್ವಿನದು ಎದ್ದು ಕಾಣುವಷ್ಟು ಹೆಚ್ಚಾಗಿದ್ದರೆ ಆ ಲೋಬಿನ ಎತ್ತರವನ್ನು ಮತ್ತೆ ಅಳೆಯಿರಿ.